ಗೇಣುದ್ದದ ನಾಡಪ್ಪ

ಆ ವರ್ಷ ನಮ್ಮ ಮನೆಯ ನಾಡಪ್ಪನವರು ಕಿಟಕಿಯನ್ನೂ ನುಂಗಿದರು. ಅದಕ್ಕೆ ಮುಂಚೆ ದೀಪದ ಗೂಡನ್ನು ನುಂಗಿದ್ದರು, ಅದಕ್ಕೂ ಮುಂಚೆ ಅಂಗಿ ನೇತುಹಾಕುವ ಗೂಟವನ್ನು. ಮೊದಲು ಮೊರದಷ್ಟಗಲ ಇದ್ದ ಪಟ ಬೆಳೆದು ಬೆಳೆದು ನಡುಮನೆಯ ಗೋಡೆಯನ್ನೆಲ್ಲ ಹಿಡಿದು, ಕೊನೆಗೆ ಅವರ ಪೇಟದ ತುದಿ ಹೋಗಿ ಸೂರಿನ ತೊಲೆಗೆ ತಾಗಿತು. ಕಿಟಕಿ ಮುಚ್ಚಿದ ಮೇಲೆ ನಾನು ಮಟಮಟ ಮಧ್ಯಾಹ್ನ ದೀಪ ಹಚ್ಚಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಬೇಕಾಯಿತು. ಇದೆಲ್ಲ ನನ್ನ ಗಂಡ ಜವರಯ್ಯನ ಘನಕಾರ್ಯ.

ನಮ್ಮೂರಿನ ಪಟಗಳ ಗುಣವೇ ಅದು. ನಾಡನ್ನಾಳುವ ನಾಡಪ್ಪನವರನ್ನು ಮನೆಯವರು ಎಷ್ಟು ನಂಬುತ್ತಾರೋ ಪಟ ಅಷ್ಟು ಬೆಳೆಯುತ್ತದೆ, ನಂಬಿಕೆ ಇಳಿದರೆ ಪಟವೂ ಇಳಿಯುತ್ತದೆ. ನನ್ನ ಗಂಡ ಬೆಳಗ್ಗೆ ಎದ್ದವನೇ ಕಾಫಿ ಲೋಟ ಹಿಡಿದುಕೊಂಡು ಬೀದಿ ಕಂಬದ ಮೈಕಿನ ಕೆಳಗೆ ಹೋಗಿ ನಿಲ್ಲುತ್ತಿದ್ದ. ಮೊದಲು ನಾಡಪ್ಪನವರ ಹಾಡು, ಆಮೇಲೆ ಸಮಾಚಾರ. ಎರಡನ್ನೂ ಕೇಳಿ ಮುಖ ಅರಳಿಸಿಕೊಂಡು ಒಳಗೆ ಬರುತ್ತಿದ್ದ. "ಈ ಸಲ ರಾಗಿ ಉಕ್ಕಿ ಹರೀತಂತೆ ಕಣೆ ಮುದ್ದಿ" ಅನ್ನುತ್ತಿದ್ದ. ನಮ್ಮ ಡಬ್ಬದಲ್ಲಿ ರಾಗಿ ತಳ ಕಂಡು ಎಷ್ಟೋ ದಿನವಾಗಿತ್ತು. "ಉಕ್ಕಿ ಯಾವ ಕಡೆ ಹರೀತು ಅಂತ ಕೇಳ್ಕೊಂಡು ಬಾರಯ್ಯ, ಒಂದು ಚೀಲ ಹಿಡ್ಕೊಂಡು ಹೋಗಾನ" ಅಂದರೆ, "ಇಲ್ಲದ ಊರಿಗೆ ಮೊದಲು ಹೋಗಬೇಕಲ್ವಾ, ನಾವು ತಾಳ್ಕೊಬೇಕು" ಎಂದು ನನಗೇ ಬುದ್ಧಿ ಹೇಳುತ್ತಿದ್ದ. ಕೆಟ್ಟವನಲ್ಲ ನನ್ನ ಗಂಡ. ಒಂದು ಇರುವೆಯನ್ನೂ ತುಳಿಯದ ಮನುಷ್ಯ. ನನಗೆ ನಂಬಿಕೆ ಇಲ್ಲವೆಂಬುದು ಅವನಿಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ನನ್ನ ಪಾಲಿನದನ್ನೂ ಅವನೇ ನಂಬಿಬಿಡುತ್ತಿದ್ದ.

ನಮ್ಮದು ಪಟಗಳಿಗೆ ಕಟ್ಟು ಹಾಕುವ ಅಂಗಡಿ, ನನ್ನ ಅಪ್ಪನ ಕಾಲದ್ದು. ಗಂಡ ಡಿಪೋದಿಂದ ಮರ ತಂದು ಪಟ್ಟಿ ಕುಯ್ಯುತ್ತಾನೆ. ಮೂಲೆ ಕೂಡಿಸುವುದು, ಗಾಜು ಕೂರಿಸುವುದು, ಹಿಂದೆ ರಟ್ಟು ಬಡಿಯುವುದು ನನ್ನ ಕೆಲಸ. ಬೇರೆ ಊರಿನ ಕಟ್ಟಿನ ಅಂಗಡಿಗಳಲ್ಲಿ ಮದುವೆ ಫೋಟೋ, ದೇವರ ಪಟ ಎಲ್ಲ ಇರುತ್ತವಂತೆ. ನಮ್ಮಲ್ಲಿ ನಾಡಪ್ಪನವರೊಬ್ಬರೇ. ದೊಡ್ಡವರಾದರೆ ದೊಡ್ಡ ಕಟ್ಟು, ಇನ್ನೂ ದೊಡ್ಡವರಾದರೆ ಇನ್ನೂ ದೊಡ್ಡ ಕಟ್ಟು. ಚಿಕ್ಕವರಾದರೆ ಏನು ಮಾಡಬೇಕೆಂದು ಯಾರೂ ಬಾಯಿಬಿಟ್ಟು ಕೇಳುವಂತಿರಲಿಲ್ಲ.

ತಿಂಗಳಿಗೊಮ್ಮೆ ಅಳತೆ ಸಾಹೇಬರು ಪಂಚಲಿಂಗಯ್ಯನವರು ಮನೆಮನೆಗೆ ಬರುತ್ತಿದ್ದರು. ಅವರ ಕೈಯಲ್ಲಿ ಒಂದು ಗೇಣುಕೋಲು, ಎರಡು ತುದಿಗೂ ಹಿತ್ತಾಳೆ. ಅದು ನಾಡಪ್ಪನವರದೇ ಕೈಯ ಗೇಣಂತೆ. ಗಾಜಿನ ಮೇಲೆ ಆ ಕೋಲು ಇಟ್ಟು ನೋಡುವರು. ಪಟ ಒಂದು ಗೇಣಿಗಿಂತ ಕಮ್ಮಿ ಇದ್ದರೆ ಆ ಮನೆಯ ಯಜಮಾನ ಅರಿವಿನ ಶಿಬಿರಕ್ಕೆ ಹೋಗಬೇಕು. ಊರಾಚೆ ಹಾಳುಬಿದ್ದ ರೇಷ್ಮೆ ಕಾರ್ಖಾನೆ ಇದೆಯಲ್ಲ, ಅದೇ ಶಿಬಿರ. ಒಳಗೆ ಹೋದವರು ಹೊರಗೆ ಬಂದದ್ದನ್ನು ನಾವು ಕಂಡಿರಲಿಲ್ಲ. ಅದೇ ಮನೆಯ ಪಟ ಎರಡನೆಯ ಸಲ ಗೇಣಿಗಿಂತ ಕೆಳಗಿಳಿದರೆ ಉಳಿದ ದೊಡ್ಡವರೂ ಶಿಬಿರಕ್ಕೆ, ಮಕ್ಕಳು ರಾಜಧಾನಿಯ ಮಕ್ಕಳ ಮನೆಗೆ. ಅಲ್ಲಿ ಅವರಿಗೆ ಹೊಸ ಹೆಸರು ಇಟ್ಟು, ಹೆತ್ತವರ ಹೆಸರು ಮರೆಸುತ್ತಿದ್ದರು.

ಒಂದು ಮಾತ್ರ ನಮ್ಮ ಪುಣ್ಯಕ್ಕೆ ಇತ್ತು. ಹಾಕಿದ ಕಟ್ಟನ್ನು ಅಳತೆಗೆಂದು ಬಿಚ್ಚುವುದು ನಾಡಪ್ಪನವರಿಗೆ ಅವಮಾನವೆಂದು ಸರ್ಕಾರವೇ ಕಾಯಿದೆ ಮಾಡಿತ್ತು. ಅಳತೆಯೇನಿದ್ದರೂ ಗಾಜಿನ ಮೇಲೇ. ಇನ್ನೇನು ಬೇಕು? ಸರ್ಕಾರ ವರ್ಷವರ್ಷ ಹಂಚುವ ಕ್ಯಾಲೆಂಡರಿನಲ್ಲೂ ನಾಡಪ್ಪನವರ ಚಿತ್ರ ಇರುತ್ತದೆ. ಅದು ಬರೀ ಅಚ್ಚು ಹಾಕಿದ ಕಾಗದ, ಬೆಳೆಯುವುದೂ ಇಲ್ಲ, ಇಳಿಯುವುದೂ ಇಲ್ಲ. ಅದನ್ನು ಕತ್ತರಿಸಿ ಗಾಜಿನ ಹಿಂದೆ ಇಟ್ಟು, ಇಳಿದುಹೋದ ನಿಜವಾದ ಪಟವನ್ನು ಅದರ ಬೆನ್ನಿಗೆ ಬಚ್ಚಿಟ್ಟು, ರಟ್ಟು ಬಡಿದುಬಿಟ್ಟರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಮೊದಲು ಬಂದವರು ಗಾಣದ ತಿಮ್ಮಶೆಟ್ಟರು. ಮೂರು ಗಾಣದ ಒಡೆಯ, ಊರಿನ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಅವರದು. ಮಧ್ಯಾಹ್ನ ಜವರಯ್ಯ ಡಿಪೋಗೆ ಹೋದ ಹೊತ್ತು ನೋಡಿಕೊಂಡು ಹಿತ್ತಿಲ ಬಾಗಿಲಿಗೆ ಬಂದು ನಿಂತರು. ಪಂಚೆಯ ಮಡಿಲಿಂದ ಇಳಿದುಹೋದ ಪಟ ತೆಗೆದು ತೋರಿಸಿದರು. "ನಮ್ಮೊಬ್ಬರ ಮನೇಲಿ ಹಿಂಗಾಗಿದೆ ಕಣಮ್ಮ. ಯಾರ ಹತ್ರಾನೂ ಹೇಳಬೇಡ, ನಿನ್ನ ದಮ್ಮಯ್ಯ" ಎಂದರು. ಹೇಳುವುದಿಲ್ಲವೆಂದು ಆಣೆ ಮಾಡಿದೆ. ಆ ವಾರವೇ ಪೊಲೀಸ್ ಬೋರೇಗೌಡನ ಹೆಂಡತಿ ದೇವೀರಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. "ನಮ್ಮ ಮನೆಯವ್ರು ಪೊಲೀಸು, ನಮ್ಮನೇಲೇ ಹಿಂಗಾದ್ರೆ ಹೆಂಗಕ್ಕಾ? ಊರಲ್ಲಿ ಯಾರ ಮನೇಲೂ ಇಲ್ಲದ ಪೀಡೆ ನಮಗ್ಯಾಕೆ ಅಂಟ್ಕೊಂತು?" ಎಂದು ಅತ್ತಳು. ಅವಳಿಗೂ ಆಣೆ ಮಾಡಿದೆ.

ಆಮೇಲೆ ಒಂದು ದಿನ ಅಂಬುಜಾಕ್ಷಮ್ಮನವರು ಬಂದರು ನೋಡಿ. ಬೆಳಗ್ಗೆ ಬೆಳಗ್ಗೆ ಮೈಕಿನಲ್ಲಿ ನಾಡಪ್ಪನವರ ಹಾಡು ಹಾಡುವವರು, ಸಮಾಚಾರ ಓದುವವರು ಅವರೇ. ನನ್ನ ಗಂಡ ಕಾಫಿ ಆರಿಸಿಕೊಂಡು ಕೇಳುತ್ತಿದ್ದದ್ದು ಅವರದೇ ದನಿ. ನಾನು ಸಿಕ್ಕಿಬಿದ್ದೆ ಎಂದುಕೊಂಡು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟೆ. ಅವರು ಕುಂಕುಮದ ಭರಣಿ ತೆಗೆದು ನನ್ನ ಮುಂದೆ ಇಟ್ಟರು. ಮುಚ್ಚಳ ತೆಗೆದು ನೋಡಿದರೆ ಒಳಗೆ ಅವರ ಮನೆಯ ಪಟ, ಹುಣಸೆ ಬೀಜದಷ್ಟು. ನಾನು ಅಷ್ಟು ಚಿಕ್ಕ ನಾಡಪ್ಪನವರನ್ನು ನೋಡಿಯೇ ಇರಲಿಲ್ಲ. "ನಾಳೆ ಅಳತೆ ಇದೆ ಮುದ್ದಮ್ಮ, ಏನಾದ್ರೂ ಮಾಡ್ತೀರಾ?" ಎಂದು ಅದೇ ದನಿಯಲ್ಲಿ ಕೇಳಿದರು.

ಹೀಗೆ ಒಬ್ಬೊಬ್ಬರಾಗಿ ಬಂದು ಬಂದು ಎಲ್ಲ ಬೀದಿಯವರೂ ಮುಗಿದರು. ಬರುವವರಿಗೆಲ್ಲ ಬೇರೆ ಬೇರೆ ಹೊತ್ತು ಕೊಡುತ್ತಿದ್ದೆ, ಒಬ್ಬರ ಕಣ್ಣಿಗೆ ಒಬ್ಬರು ಬೀಳಬಾರದಲ್ಲ. ಎಲ್ಲರೂ ಹೇಳಿದ್ದು ಒಂದೇ ಮಾತು: ನಮ್ಮ ಮನೆಯಲ್ಲಿ ಮಾತ್ರ. ಅವರ ತಪ್ಪೇನು? ಪಕ್ಕದ ಮನೆಗೆ ಹೋದರೆ ಗೋಡೆಯ ಮೇಲೆ ದೊಡ್ಡ ಪಟ ಕಾಣುತ್ತದೆ, ಮೈಕು ತೆರೆದರೆ ಇಡೀ ನಾಡು ನಾಡಪ್ಪನವರ ಪಾದದಲ್ಲಿದೆ ಎನ್ನುತ್ತದೆ. ಊರಿಗೆ ಊರೇ ನಂಬುತ್ತಿದೆ, ತಮಗೆ ಮಾತ್ರ ತಲೆ ಕೆಟ್ಟಿದೆ ಎಂದು ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೊರಗುತ್ತಿದ್ದರು. ನಿಜ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದು ಏನು ಬಂತು, ಬಾಯಿಗೆ ಆಣೆಯ ಬೀಗ ಬಿದ್ದಿತ್ತು. ಆಡಿದರೆ ಊರೇ ಶಿಬಿರ ಸೇರುತ್ತದೆ ಎಂಬ ಹೆದರಿಕೆ ಬೇರೆ.

ಈಗ ನನ್ನ ತಂಗಿ ಚಿಕ್ಕತಾಯಿಯ ವಿಷಯಕ್ಕೆ ಬರುತ್ತೇನೆ. ಈ ಕಥೆಯೆಲ್ಲ ಅವಳದ್ದೇ. ಅವಳ ಗಂಡ ಸಿದ್ದರಾಜು ಸ್ಕೂಲು ಮೇಷ್ಟ್ರು. ಹೋದ ವರ್ಷ ಅವರ ಮನೆಯ ಪಟ ಇಳಿದಾಗ ಚಿಕ್ಕತಾಯಿ ನನ್ನ ಹತ್ತಿರ ಓಡಿಬರುವಷ್ಟರಲ್ಲಿ ಪಂಚಲಿಂಗಯ್ಯನವರು ಕೋಲು ಇಟ್ಟಾಗಿತ್ತು. ಸಿದ್ದರಾಜುವನ್ನು ಉಟ್ಟ ಬಟ್ಟೆಯಲ್ಲೇ ಕರೆದುಕೊಂಡು ಹೋದರು. ಅವಳಿಗೆ ಎರಡು ಮಕ್ಕಳು, ಗೌರಿ ಮತ್ತು ಶಿವು, ಇಬ್ಬರೂ ಇನ್ನೂ ಮಡಿಲು ಬಿಡದವರು. ಅಂದಿನಿಂದ ನಾನು ಅವಳ ಪಟಕ್ಕೂ ಕ್ಯಾಲೆಂಡರಿನ ಮುಸುಕು ಹಾಕಿಕೊಟ್ಟಿದ್ದೆ. ಆದರೂ ಅವಳು ಸುಮ್ಮನಿರಲಿಲ್ಲ. ಬೆಳಗ್ಗೆ ಹಾಡು ಬರುವಾಗ ಗೋಡೆಯ ಮುಂದೆ ಕೂತು, ಕಣ್ಣುಮುಚ್ಚಿ, ಹಲ್ಲು ಕಚ್ಚಿ ನಂಬಲು ನೋಡುತ್ತಿದ್ದಳು. ಮಕ್ಕಳಿಗೋಸ್ಕರ ನಂಬಿಯೇ ತೀರುತ್ತೇನೆ ಎಂದು ಹಟ. ನಂಬಿಕೆ ಹಾಗೆಲ್ಲ ಬರುತ್ತದೆಯೇ? ಅವಳು ಹಟ ಮಾಡಿದಷ್ಟೂ ಪಟ ಸೊರಗಿತು, ಹೆಬ್ಬೆರಳಿನ ಉಗುರಿನಷ್ಟಾಯಿತು.

ಹೀಗಿರುವಾಗ ರಾಜಧಾನಿಯಿಂದ ಒಂದು ಅಪ್ಪಣೆ ಬಂತು. ನಮ್ಮೂರಿನ ಅಳತೆ ಈ ವರ್ಷ ಯಾವ ತಿಂಗಳೂ ಕಮ್ಮಿಯಾಗಿಲ್ಲ, ಗೇಣಿಗಿಂತ ಕೆಳಗೆ ಒಂದು ಮನೆಯೂ ಇಲ್ಲ ಎಂದು ಪಂಚಲಿಂಗಯ್ಯನವರು ಬರೆದು ಬರೆದು ಕಳಿಸಿದ್ದರಲ್ಲ, ಅದನ್ನು ಓದಿ ಓದಿ ಪ್ರಚಾರ ಮಂತ್ರಿಗಳು ಉಬ್ಬಿಹೋದರಂತೆ. ಇಡೀ ನಾಡಿಗೆ ಇದೇ ಮಾದರಿ ಊರು ಎಂದರಂತೆ. ನಮ್ಮ ಕಣ್ಣಿಗೆ ಮಣ್ಣೆರಚಲು ಹೊರಟವರ ಕಣ್ಣಿಗೇ ಮಣ್ಣು ಬಿದ್ದಿತ್ತು, ಅದೂ ನನ್ನ ಅಂಗಡಿಯ ಮಣ್ಣು. ಮಂತ್ರಿಗಳು ತಾವೇ ಬರುತ್ತಾರೆ, ಊರಿನವರೆಲ್ಲ ತಮ್ಮ ತಮ್ಮ ಮನೆಯ ಪಟ ಹಿಡಿದುಕೊಂಡು ಮೆರವಣಿಗೆ ಬರಬೇಕು ಎಂದು ಮೈಕಿನಲ್ಲಿ ಸಾರಿದರು. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಕಟ್ಟು, ಗಾಜು, ರಟ್ಟು ಯಾವುದೂ ಇರಕೂಡದಂತೆ. ನಾಡಪ್ಪನವರಿಗೂ ಜನರಿಗೂ ನಡುವೆ ಗಾಜೇಕೆ ಎಂದು ಮಂತ್ರಿಗಳೇ ಒಂದು ಘೋಷಣೆ ಕಟ್ಟಿದ್ದರು. ಅಂದು ಬೆಳಗ್ಗೆ ಪ್ರತಿ ಮನೆಯವರೂ ತಾವಾಗಿಯೇ ಕಟ್ಟು ಬಿಚ್ಚಿ, ಬರೀ ಪಟವನ್ನು ತರಬೇಕು. ನಿಜವಾದ ಪಟದ ಬೆನ್ನಿಗೆ ಸರ್ಕಾರದ ಮೊಹರು ಇರುತ್ತದೆ, ಕ್ಯಾಲೆಂಡರಿನ ಬೆನ್ನಿಗೆ ಹಬ್ಬಹರಿದಿನದ ಪಟ್ಟಿ. ಅಲ್ಲಿಗೆ ನನ್ನ ಕಸುಬೆಲ್ಲ ನೀರಿನಲ್ಲಿ ಹೋಮವಾಯಿತು.

ಜವರಯ್ಯನಿಗೆ ಹಿಡಿಸಲಾರದ ಸಂತೋಷ. ನಮ್ಮ ಪಟ ಎತ್ತಲು ಎಷ್ಟು ಆಳು ಬೇಕಾದೀತು ಎಂದು ಗೋಡೆಯ ಮುಂದೆ ನಿಂತು ಲೆಕ್ಕ ಹಾಕತೊಡಗಿದ. ನಾನು ಅಡುಗೆಮನೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಅಷ್ಟರಲ್ಲಿ ಚಿಕ್ಕತಾಯಿ ಎರಡು ಮಕ್ಕಳನ್ನೂ ಕರೆದುಕೊಂಡು ಹಿತ್ತಿಲಿಂದ ಬಂದಳು. ಒಂದು ಗಂಟು ಬಟ್ಟೆಯೂ ಇತ್ತು. ಗಂಟನ್ನು ನನ್ನ ಮುಂದೆ ಇಟ್ಟು, "ಇವ್ರನ್ನ ನೀನು ಇಟ್ಕೊ ಅಕ್ಕ. ನಿಮ್ಮನೆ ಪಟ ದೊಡ್ಡದೈತೆ, ನಿಮ್ಮ ಮಕ್ಕಳು ಅಂದ್ರೆ ಯಾರೂ ಮುಟ್ಟಕಿಲ್ಲ. ನಾನೇ ಹೋಗಿ ಸಾಹೇಬ್ರಿಗೆ ಒಪ್ಪಿಸ್ಕತೀನಿ" ಎಂದಳು.

"ಬಾಯ್ಮುಚ್ಕೊಂಡು ಕೂತ್ಕೊ" ಎಂದೆ.

"ಕೂತು ಏನ್ ಮಾಡ್ಲಕ್ಕ? ನಾನೂ ನೋಡ್ದೆ, ನೋಡ್ದೆ. ದೇವ್ರಾಣೆ ನಂಬಬೇಕು ಅಂತಾನೇ ನೋಡ್ದೆ. ಊರೋರೆಲ್ಲ ನಂಬ್ತಾರೆ, ಭಾವ ನಂಬ್ತಾರೆ, ನನ್ನ ಕೈಲಿ ಮಾತ್ರ ಆಗ್ತಿಲ್ಲ. ನನ್ನೊಳಗೇ ಏನೋ ಕೆಟ್ಟೈತೆ ಅಕ್ಕ. ನನ್ನಿಂದಾನೇ ಅವ್ರು ಶಿಬಿರಕ್ಕೆ ಹೋಗಿದ್ದು, ಈಗ ಮಕ್ಕಳೂ ಹೋಗ್ಬೇಕಾ?"

ಗಂಡನನ್ನು ಎಳೆದುಕೊಂಡು ಹೋದವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ತನ್ನ ಮೇಲೇ ತನಗೆ ಸಿಟ್ಟು. ನನ್ನ ಒಡಹುಟ್ಟಿದವಳು, ನಾನು ಎತ್ತಿ ಆಡಿಸಿದವಳು, ತಾನು ಕೆಟ್ಟುಹೋದ ಪದಾರ್ಥ ಎಂದು ನನ್ನ ಮುಂದೆ ಅಳುತ್ತಿದ್ದಾಳೆ. ಗೋಡೆಯ ಮೇಲಿನ ದೊಡ್ಡ ದೊಡ್ಡ ಪಟಗಳನ್ನು ನೋಡಿ ತಾನೇ ಅವಳು ಹಾಗೆಂದುಕೊಂಡದ್ದು? ಆ ಪಟಗಳ ಬೆನ್ನಿಗೆ ರಟ್ಟು ಬಡಿದವಳು ನಾನು. ಆಣೆ ಹಾಳಾಗಿ ಹೋಗಲಿ ಎಂದುಕೊಂಡೆ.

"ಶುಕ್ರವಾರ ಮಧ್ಯಾಹ್ನ ಬಾ. ನಿನ್ನ ಪಟ ತಗೊಂಡು ಬಾ. ಅಲ್ಲಿತನಕ ಯಾವ ಸಾಹೇಬನ ಹತ್ರಾನೂ ಹೋಗಬೇಡ" ಎಂದು ಅವಳನ್ನು ಕಳಿಸಿದೆ.

ಆ ವಾರವೆಲ್ಲ ನನ್ನ ಹಿತ್ತಿಲ ಬಾಗಿಲಿಗೆ ಬಿಡುವಿರಲಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು. ಎಲ್ಲರ ಬಾಯಲ್ಲೂ ಮೆರವಣಿಗೆಯದೇ ಮಾತು, ನಮ್ಮೊಬ್ಬರ ಮಾನ ಉಳಿಸು ಎಂಬುದೇ ಬೇಡಿಕೆ. ಎಲ್ಲರಿಗೂ ನಾನು ಒಂದೇ ಹೊತ್ತು ಕೊಟ್ಟೆ. ಶುಕ್ರವಾರ, ಊಟದ ಹೊತ್ತು, ಕಟ್ಟಿನೊಳಗೆ ಬಚ್ಚಿಟ್ಟ ಪಟ ತನ್ನಿ, ಉಪಾಯ ಮಾಡಿಟ್ಟಿರುತ್ತೇನೆ. ನನ್ನ ಅಂಗಡಿಯ ಪದ್ಧತಿ ಬಲ್ಲವರು, ತಾವೊಬ್ಬರೇ ಎಂದುಕೊಂಡು ಹೋದರು. ಜವರಯ್ಯನಿಗೆ ಡಿಪೋದಲ್ಲಿ ತೇಗದ ಪಟ್ಟಿ ಅಗ್ಗವಾಗಿದೆಯಂತೆ ಎಂದು ಹೇಳಿ ಅತ್ತ ಅಟ್ಟಿದೆ.

ಶುಕ್ರವಾರ ಮೊದಲು ಬಂದವರು ತಿಮ್ಮಶೆಟ್ಟರು. ಅವರನ್ನು ಒಳಗೆ ಕೂರಿಸುವಷ್ಟರಲ್ಲಿ ದೇವೀರಮ್ಮ ಬಂದಳು. ಪೊಲೀಸಿನವನ ಹೆಂಡತಿಯನ್ನು ಕಂಡು ಶೆಟ್ಟರು ಪಂಚೆಯ ಮಡಿಲು ಮುಚ್ಚಿಕೊಂಡರು, ಶೆಟ್ಟರನ್ನು ಕಂಡು ಅವಳು ಸೆರಗಿನ ಗಂಟು ಹಿಂದಕ್ಕೆ ಸರಿಸಿದಳು. ಅವರ ಹಿಂದೆಯೇ ಇನ್ನಿಬ್ಬರು, ಮತ್ತೆ ನಾಲ್ವರು. ಪಟ್ಟಿಗಳ ಮಧ್ಯೆ, ಗಾಜಿನ ಪೆಟ್ಟಿಗೆಗಳ ಮೇಲೆ, ಮರದ ಹೊಟ್ಟಿನ ಮೇಲೆ ಜನ. ಓಡಿಹೋಗೋಣವೆಂದರೆ ಓಡುವವನೇ ಕಳ್ಳ ಎಂದಾಗುತ್ತದೆ. ಕೊನೆಗೆ ಅಂಬುಜಾಕ್ಷಮ್ಮನವರು ಬಾಗಿಲು ತಳ್ಳಿಕೊಂಡು ಬಂದಾಗ ಇಡೀ ಅಂಗಡಿ ಎದ್ದು ನಿಂತಿತು. ಮೈಕಿನ ಅಮ್ಮನೇ ಬಂದ ಮೇಲೆ ಇನ್ನು ಉಳಿಗಾಲವಿಲ್ಲ ಎಂದುಕೊಂಡರು.

"ಮಾತು ಕೊಟ್ಟಿದ್ದೆಯಲ್ಲಮ್ಮ ಮುದ್ದಮ್ಮ" ಎಂದರು ಶೆಟ್ಟರು. "ನಮ್ಮನ್ನ ಹಿಡಿದುಕೊಟ್ಟೆಯಾ?"

"ಹಿಡಿದುಕೊಡೋಳಾಗಿದ್ರೆ ನಿಮ್ಮ ಗುಟ್ಟು ಹೊಟ್ಟೇಲಿಟ್ಕೊಂಡು ಇಷ್ಟು ದಿನ ಯಾಕೆ ಸಾಯ್ತಿದ್ದೆ ಶೆಟ್ರೆ" ಎಂದೆ. "ಎಲ್ರೂ ತಂದಿದ್ದೀರಲ್ಲ, ಬಿಚ್ಚಿ. ನನ್ನ ಮುಖ ನೋಡಬೇಡಿ, ಪಕ್ಕದೋರ ಕೈ ನೋಡಿ."

ಯಾರೂ ಬಿಚ್ಚಲಿಲ್ಲ. ಆಗ ಅಂಬುಜಾಕ್ಷಮ್ಮನವರು ಸೊಂಟದಿಂದ ಕುಂಕುಮದ ಭರಣಿ ತೆಗೆದು, ಅಂಗೈ ಮೇಲೆ ಬೋರಲು ಹಾಕಿ ಎಲ್ಲರ ಮುಂದೆ ಹಿಡಿದರು. "ಬೆಳಗ್ಗೆ ಹಾಡೋದು ನಾನೇ ತಾನೆ? ಹಾಡ್ತಾ ಹಾಡ್ತಾನೇ ಇಷ್ಟಾಗಿದ್ದು" ಎಂದರು.

ಶೆಟ್ಟರು ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ತಮ್ಮ ಮಡಿಲಿಂದ ಪಟ ತೆಗೆದು ಅವರ ಅಂಗೈ ಪಕ್ಕ ಹಿಡಿದು, "ನಿಮ್ಮದಕ್ಕಿಂತ ನಮ್ಮದೇ ವಾಸಿ ಅಮ್ಮಾ, ಕಡಲೆಕಾಯಿಯಷ್ಟಿದೆ" ಎಂದರು. ಯಾರೋ ಕಿಸಕ್ಕೆಂದು ನಕ್ಕರು. ಅಷ್ಟೇ ಸಾಕಾಯಿತು. ಸೆರಗುಗಳು ಬಿಚ್ಚಿದವು, ಜೇಬುಗಳು ಬಿಚ್ಚಿದವು, ಎಲೆಅಡಿಕೆ ಚೀಲಗಳು ಬಿಚ್ಚಿದವು. ಗುಂಡಿಯಷ್ಟು, ಅವರೆಕಾಳಿನಷ್ಟು, ಬೆರಳ ತುದಿಯಷ್ಟು ನಾಡಪ್ಪನವರು ನನ್ನ ಅಂಗಡಿಯ ತುಂಬ. ನಿಮ್ಮದೂನಾ, ನಿಮ್ಮದೂನಾ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ವರ್ಷಗಟ್ಟಲೆ ಗೋಡೆಗೆ ಗೋಡೆ ಅಂಟಿಕೊಂಡು ಬಾಳಿದ ನೆರೆಹೊರೆಯವರು ಅವತ್ತು ಹೊಸದಾಗಿ ಪರಿಚಯವಾದವರ ಹಾಗೆ ಮುಖ ಮುಖ ನೋಡಿಕೊಂಡರು.

ಚಿಕ್ಕತಾಯಿ ಮೂಲೆಯಲ್ಲಿ ನಿಂತಿದ್ದಳು. ಅವಳು ನಗಲಿಲ್ಲ. ಒಂದೊಂದು ಅಂಗೈಯನ್ನೂ ನೋಡಿಕೊಂಡು ನನ್ನ ಹತ್ತಿರ ಬಂದು, "ಹಂಗಾರೆ ನನಗೇನೂ ಆಗಿಲ್ವಾ ಅಕ್ಕ?" ಎಂದಳು.

"ನಿನಗೇನಾಗೈತೆ, ಗುಂಡುಕಲ್ಲಿನಂಗೆ ಇದ್ದೀಯ" ಎಂದೆ. ನನ್ನ ಕಣ್ಣಲ್ಲಿ ನೀರು ತುಂಬಿಕೊಂಡು ಎದುರಿಗಿದ್ದದ್ದು ಏನೂ ಕಾಣಲಿಲ್ಲ.

ಉಪಾಯ ಎಂದು ನಾನು ಬೇರೆ ಏನೂ ಮಾಡಿಟ್ಟಿರಲಿಲ್ಲ. ಮೆರವಣಿಗೆಗೆ ಇದ್ದದ್ದನ್ನು ಇದ್ದಂತೆಯೇ ತೆಗೆದುಕೊಂಡು ಹೋಗುವುದು, ಅಷ್ಟೆ. ಒಬ್ಬರನ್ನು ಶಿಬಿರಕ್ಕೆ ಎಳೆಯಬಹುದು, ಊರನ್ನು ಎಲ್ಲಿಗೆ ಎಳೆಯುತ್ತಾರೆ? ಎಲ್ಲರೂ ಒಪ್ಪಿಕೊಂಡು ಹೋದರು. ಒಬ್ಬರು ಅಂದು ಬಾರದಿದ್ದ ನಾದಿನಿಗೆ ಹೇಳಿದರು, ನಾದಿನಿ ಪಕ್ಕದ ಮನೆಗೆ ಹೇಳಿದಳು. ಆದರೂ ನನಗೆ ನಿದ್ದೆ ಬರಲಿಲ್ಲ. ಅಂಗಡಿಯೊಳಗೆ ಬಿಚ್ಚಿದ ಕೈ ಪೊಲೀಸರ ಮುಂದೆ ಬಿಚ್ಚುತ್ತದೆ ಎಂದು ಯಾರು ಕಂಡರು? ಅದರ ಮೇಲೆ ಪಂಚಲಿಂಗಯ್ಯನವರು ಇನ್ನೊಂದು ಅಪ್ಪಣೆ ಹೊರಡಿಸಿದರು. ಶಿಬಿರಕ್ಕೆ ಆಳು ಕಳಿಸಿದ ಮನೆಗಳು ಎಷ್ಟು ಚೆನ್ನಾಗಿ ತಿದ್ದಿಕೊಂಡಿವೆ ಎಂದು ಮಂತ್ರಿಗಳು ಮೊದಲು ನೋಡಬೇಕಂತೆ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯಬೇಕಾದವಳು ನನ್ನ ತಂಗಿ.

ಆ ದಿನ ಬೆಳಗ್ಗೆ ಊರಿನ ಮನೆಗಳಲ್ಲೆಲ್ಲ ಮೊಳೆ ಕೀಳುವ ಸದ್ದು. ಜನ ಬೀದಿಗೆ ಬಂದರು, ಎಲ್ಲರೂ ಮುಷ್ಟಿ ಬಿಗಿದುಕೊಂಡು. ನಮ್ಮ ಪಟವನ್ನು ಜವರಯ್ಯ ಜಮಖಾನದ ಹಾಗೆ ಸುತ್ತಿ, ಹೆಗಲ ಮೇಲೆ ಹೊತ್ತುಕೊಂಡು, ಏದುಸಿರು ಬಿಡುತ್ತಾ ನಡೆದ. "ಎಲ್ಲಿ, ಯಾರ ಕೈಯಲ್ಲೂ ಪಟ ಕಾಣಲ್ವಲ್ಲೇ" ಎಂದು ನನ್ನನ್ನು ಕೇಳಿದ. "ಕಾಣತ್ತೆ, ತಾಳು" ಎಂದೆ. ಕಚೇರಿ ಮುಂದಿನ ಬಯಲಿನಲ್ಲಿ ವೇದಿಕೆ ಹಾಕಿದ್ದರು. ಮೇಲೆ ಮಂತ್ರಿಗಳು, ಅವರ ಪಕ್ಕ ಪಂಚಲಿಂಗಯ್ಯನವರು ಕೋಲು ಹಿಡಿದು, ಇನ್ನೊಂದು ಪಕ್ಕ ಮೈಕಿನ ಮುಂದೆ ಅಂಬುಜಾಕ್ಷಮ್ಮನವರು. ಕೈಗೆ ಬರೆದುಕೊಟ್ಟದ್ದನ್ನು ಅವರು ಓದುತ್ತಿದ್ದರು: ಆಹಾ, ಅಗೋ ಬರುತ್ತಿವೆ, ಬಾಗಿಲು ಹಿಡಿಸದ ಪಟಗಳು, ಬೀದಿ ಹಿಡಿಸದ ಪಟಗಳು.

ಚಿಕ್ಕತಾಯಿ ವೇದಿಕೆಯ ಮುಂದೆ ನಿಂತಳು. ಒಂದು ಕೈಯಲ್ಲಿ ಗೌರಿ, ಕಂಕುಳಲ್ಲಿ ಶಿವು. "ಪಟ ಎಲ್ಲಮ್ಮ?" ಎಂದರು ಪಂಚಲಿಂಗಯ್ಯನವರು. ಅವಳು ಮಗಳ ಕೈ ಬಿಟ್ಟು ಮುಷ್ಟಿ ತೆರೆದಳು. ಸಾಹೇಬರು ಕೆಳಗಿಳಿದು ಬಂದು, ನಂಬಲಾರದೆ ಆ ಅಂಗೈಯ ಪಕ್ಕ ಗೇಣುಕೋಲು ಹಿಡಿದರು. ಅವಳ ಹಿಂದೆ ನಿಂತವರು ಯಾರೂ ಕದಲಲಿಲ್ಲ, ಒಂದು ಮುಷ್ಟಿಯೂ ತೆರೆಯಲಿಲ್ಲ. ಸಾಹೇಬರು ಬೋರೇಗೌಡನ ಕಡೆ ತಿರುಗಿ, "ಇವಳನ್ನು ಹಿಡಿ. ಮಕ್ಕಳನ್ನು ಜೀಪಿನಲ್ಲಿ ಕೂರಿಸು" ಎಂದರು.

ಆಗ ಮೈಕಿನಲ್ಲಿ ಮಾತು ಕೇಳಿಸಿತು. ದಿನಾ ಬೆಳಗ್ಗೆ ನಾವು ಕೇಳುತ್ತಿದ್ದ ಅದೇ ದನಿ, ಬೀದಿಬೀದಿಯ ಕಂಬದಿಂದಲೂ ಒಟ್ಟಿಗೇ ಬಂತು. "ನನ್ನ ಮನೆಯದು ಹುಣಸೆ ಬೀಜದಷ್ಟಿದೆ. ನಾನು ಅಂಬುಜಾಕ್ಷಿ ಹೇಳ್ತಾ ಇದೀನಿ. ಈ ಹಾಡಿನಲ್ಲಿ ಒಂದು ಸಾಲನ್ನೂ ನಾನು ನಂಬಿಲ್ಲ."

ಬೋರೇಗೌಡ ಇಟ್ಟ ಹೆಜ್ಜೆ ಅಲ್ಲೇ ನಿಂತಿತು. ಚಿಕ್ಕತಾಯಿಯ ಬೆನ್ನ ಹಿಂದಿನಿಂದ ದೇವೀರಮ್ಮ ಮುಂದೆ ಬಂದು ಗಂಡನ ಮೂಗಿನ ಕೆಳಗೆ ಅಂಗೈ ಹಿಡಿದಳು. "ಇದು ನಮ್ಮನೇದು. ಮೊದಲು ನನ್ನ ಹಿಡೀರಿ" ಎಂದಳು. ಶೆಟ್ಟರು ಕೈ ಎತ್ತಿದರು. ಅವರ ಹಿಂದಿನವರು ಎತ್ತಿದರು, ಅವರ ಹಿಂದಿನವರು. ಬಯಲಿನ ಈ ತುದಿಯಿಂದ ಆ ತುದಿಯವರೆಗೆ ತೆರೆದ ಅಂಗೈಗಳು. ಬೋರೇಗೌಡ ಅತ್ತ ನೋಡಿದ, ಇತ್ತ ನೋಡಿದ, ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೆಂಡತಿಯ ಪಕ್ಕಕ್ಕೆ ಹೋಗಿ ನಿಂತ.

"ಮುದ್ದಿ" ಎಂದ ನನ್ನ ಗಂಡ. ತಿರುಗಿ ನೋಡಿದೆ. ಅವನ ಹೆಗಲ ಮೇಲಿನ ಸುರುಳಿ ಕುಗ್ಗುತ್ತಿತ್ತು. ಜಮಖಾನದಷ್ಟಿದ್ದದ್ದು ಟವೆಲಿನಷ್ಟಾಯಿತು, ಟವೆಲಿನಷ್ಟಿದ್ದದ್ದು ಕರವಸ್ತ್ರದಷ್ಟು. ಅವನು ಅದನ್ನು ಎರಡು ಕೈಯಲ್ಲೂ ಹಿಡಿದು, ಮಗು ಕಳೆದುಕೊಂಡವನ ಹಾಗೆ ನಿಂತಿದ್ದ. "ಎಲ್ರೂ ನಂಬ್ತಾರೆ ಅಂತಲೇ ಕಣೆ ನಾನೂ ನಂಬಿದ್ದು" ಎಂದ. ನನಗೆ ಅಯ್ಯೋ ಅನ್ನಿಸಿತು, ನಗುವೂ ಬಂತು. ಅವನ ತೋಳು ಹಿಡಿದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಭುಜ ಕೊಡವಿ, "ಏನು ಭಾರ ಇತ್ತು ಅಂತೀಯ" ಎಂದ.

ಮಂತ್ರಿಗಳು ಕೆಂಡಾಮಂಡಲವಾಗಿ ಮೈಕು ಕಿತ್ತುಕೊಂಡರು. "ಗೇಣಿಗಿಂತ ಕಮ್ಮಿ ಇರೋರೆಲ್ಲ ಶಿಬಿರಕ್ಕೆ. ಒಬ್ಬರನ್ನೂ ಬಿಡಬೇಡಿ. ಎಲ್ಲರೂ ಶಿಬಿರಕ್ಕೆ" ಎಂದು ಕೂಗಿದರು. ಹಿಡಿಯುವವರು ಯಾರು? ಪೊಲೀಸರೆಲ್ಲ ತಮ್ಮ ತಮ್ಮ ಹೆಂಡಿರ ಪಕ್ಕ ನಿಂತಿದ್ದರು. ಚಿಕ್ಕತಾಯಿ ಮಂತ್ರಿಗಳ ಮುಖ ನೋಡಿ, "ಆಗ್ಲಿ ಬುದ್ಧಿ, ಹೋಯ್ತೀವಿ" ಎಂದಳು. ಮಗನನ್ನು ಕಂಕುಳಿಗೆ ಸರಿಯಾಗಿ ಏರಿಸಿಕೊಂಡು, ಮಗಳ ಕೈ ಹಿಡಿದು, ರೇಷ್ಮೆ ಕಾರ್ಖಾನೆಯ ದಾರಿ ಹಿಡಿದಳು. ಅವಳ ಹಿಂದೆ ನಾವೆಲ್ಲ. ಮೆರವಣಿಗೆಯೆಂದರೆ ಅದು. ವೇದಿಕೆಯ ಹತ್ತಿರ ಮಂತ್ರಿಗಳು, ಪಂಚಲಿಂಗಯ್ಯನವರು ಇಬ್ಬರೇ ಇಂಗು ತಿಂದ ಮಂಗನ ಹಾಗೆ ಉಳಿದರು.

ಶಿಬಿರದ ಬಾಗಿಲ ಕಾವಲಿನವನು ದೂರದಿಂದ ಬರುತ್ತಿದ್ದ ಜನಸಾಗರವನ್ನು ಕಂಡು ಬಂದೂಕು ಎತ್ತಿದ. "ಯಾರು ನೀವು?" ಎಂದ. "ಗೇಣಿಗಿಂತ ಕಮ್ಮಿ ಇರೋರು ಕಣಪ್ಪ. ಒಳಗೆ ಹಾಕಬೇಕಂತೆ, ಮಂತ್ರಿಗಳ ಅಪ್ಪಣೆ. ನಿನಗೂ ಕೇಳಿಸ್ತಲ್ಲ" ಎಂದೆ. ಕಂಬದ ಮೈಕಿನಲ್ಲಿ ಮಂತ್ರಿಗಳು ಇನ್ನೂ ಅದನ್ನೇ ಕಿರುಚುತ್ತಿದ್ದರು. ಅಪ್ಪಣೆ ಎಂದರೆ ಅಪ್ಪಣೆ. ಅವನು ಮೊದಲು ಒಬ್ಬೊಬ್ಬರೇ ನುಸುಳುವ ಚಿಕ್ಕ ದಿಡ್ಡಿ ಬಾಗಿಲು ತೆರೆದ, ಅದರಲ್ಲಿ ನಾವು ಹಿಡಿಸುವಂತಿರಲಿಲ್ಲ. ಕೊನೆಗೆ ಅಗುಳಿ ಸರಿಸಿ, ತುಕ್ಕು ಹಿಡಿದ ದೊಡ್ಡ ಬಾಗಿಲಿನ ಎರಡು ಕದಗಳನ್ನೂ ದೂಡಿದ. ನಾವು ಒಳಗೆ ನುಗ್ಗಿದೆವು, ಒಳಗಿದ್ದವರು ಸದ್ದು ಕೇಳಿ ಓಡಿಬಂದರು. ಯಾರು ಹೊಸಬರು, ಯಾರು ಹಳಬರು ಎಂದು ಕಾವಲಿನವರಿಗೆ ಗೊತ್ತಾಗದೆ, ತಡೆಯುವುದನ್ನು ಬಿಟ್ಟು ಗೋಡೆಗೆ ಒರಗಿ ನಿಂತರು. ಅಣ್ಣ ತಮ್ಮಂದಿರು, ಗಂಡಂದಿರು, ಯಾರ್ಯಾರೋ ಯಾರ್ಯಾರನ್ನೋ ತಬ್ಬಿಕೊಂಡು ಆ ತೆರೆದ ಬಾಗಿಲಿನಿಂದ ಹೊರಗೆ ಬರತೊಡಗಿದರು.

ಸಿದ್ದರಾಜು ಎಲ್ಲರಿಗಿಂತ ಹಿಂದೆ ಉಳಿದಿದ್ದ. ಎಲುಬು ಚರ್ಮ ಆಗಿಹೋಗಿದ್ದ, ಗಡ್ಡ ಎದೆಗೆ ಬಂದಿತ್ತು. ಆ ಗೋಡೆಗಳ ಒಳಗೂ ಒಂದು ಮೈಕು ಇತ್ತಂತೆ. ನಿನ್ನ ಹೆಂಡತಿ ನಂಬಿದ್ದಾಳೆ, ನಿನ್ನ ಊರು ನಂಬಿದೆ, ನೀನೊಬ್ಬನೇ ಉಳಿದಿದ್ದೀಯ ಎಂದು ದಿನವಿಡೀ ಹೇಳುತ್ತಿತ್ತಂತೆ. ಅವನು ಹೆಂಡತಿಯನ್ನು ಕಂಡ, ಮಕ್ಕಳನ್ನು ಕಂಡ, ಅವರ ಹಿಂದೆ ಕಣ್ಣು ಹಾಯುವಷ್ಟು ದೂರ ತುಂಬಿದ್ದ ಜನರನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಇವ್ರೆಲ್ಲ ನನ್ನ ಅಳೆಯೋಕೆ ಬಂದೋರಾ?" ಎಂದು ಕೇಳಿದ.

"ಇಲ್ಲ ಕಣ್ರೀ" ಎಂದಳು ಚಿಕ್ಕತಾಯಿ. "ಎಲ್ಲ ನಮ್ಮಂಗೇ ಇರೋರು."

ಅವನು ಆ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದ. ಶೆಟ್ಟರನ್ನು ನೋಡಿದ, ಲಾಠಿ ಕಂಕುಳಲ್ಲಿಟ್ಟ ಬೋರೇಗೌಡನನ್ನು ನೋಡಿದ, ಅಂಬುಜಾಕ್ಷಮ್ಮನವರನ್ನು ನೋಡಿದ, ಜವರಯ್ಯನನ್ನು ನೋಡಿದ.

"ಇಷ್ಟೂ ಜನಾನಾ?"

"ಇಷ್ಟೂ ಜನ" ಎಂದು ಅವಳು ಮಗನನ್ನು ಎತ್ತಿ ಅವನ ತೋಳಿಗೆ ಕೊಟ್ಟಳು.